ಹುಲ್ಲಿನ ವೈಜ್ಞಾನಿಕ ಹೆಸರು ಪತ್ತೆ ಮಾಡುವುದು ಹೇಗೆ? ಬುಡದಿಂದ ಲೇಬಲ್ಲಿನವರೆಗೆ

"ಈ ಹುಲ್ಲಿನ ವೈಜ್ಞಾನಿಕ ಹೆಸರೇನು?" ಅಂತ ಕೇಳಿ ಒಂದು ಫೋಟೊ ಕಳಿಸುತ್ತೀರಿ. ಫೋಟೊದಲ್ಲಿ ನಾಲ್ಕು ಹಸಿರು ಗರಿ, ಹಿಂದೆ ಮಸುಕು ಮಣ್ಣು, ಅಷ್ಟೇ. ನಾನು ಪ್ರತಿ ಸಲ ವಾಪಸ್ ಕೇಳುವುದೂ ಒಂದೇ: ತೆನೆ ಎಲ್ಲಿ? ಕೇಳಿದವರಿಗೆ ಬೇಸರವಾಗುತ್ತದೆ, ನನಗೂ ಸಾಕಾಗಿದೆ. ಅದಕ್ಕೇ ಇಡೀ ಕೆಲಸವನ್ನು ಒಂದೇ ಕಡೆ ಬರೆದು ಇಡುತ್ತಿದ್ದೇನೆ. ಗಿಡವನ್ನು ಹೇಗೆ ನೋಡಬೇಕು, ಹೆಸರನ್ನು ಹೇಗೆ ಓದಬೇಕು, ಆ ಹೆಸರು ಈಗಲೂ ಚಾಲ್ತಿಯಲ್ಲಿದೆಯಾ ಅಂತ ಹೇಗೆ ನೋಡಬೇಕು, ಕೊನೆಗೆ ಹೇಗೆ ಬರೆಯಬೇಕು. ಈ ಕ್ರಮ ತಪ್ಪಿಸಬೇಡಿ. ಮೊದಲು ಹೆಸರು ಹುಡುಕಿ ಆಮೇಲೆ ಗಿಡವನ್ನು ಅದಕ್ಕೆ ಹೊಂದಿಸಲು ಹೋದವರೇ ಜಾಸ್ತಿ ಎಡವುವುದು.

ಹುಲ್ಲಿನ ಕುಟುಂಬ ಚಿಕ್ಕದಲ್ಲ. 11,000ಕ್ಕೂ ಹೆಚ್ಚು ಪ್ರಭೇದಗಳು, 700ಕ್ಕೂ ಹೆಚ್ಚು ಕುಲಗಳು, 12 ಉಪಕುಟುಂಬಗಳು. ಭತ್ತ, ಗೋಧಿ, ರಾಗಿ, ಕಬ್ಬು, ಬಿದಿರು, ಗರಿಕೆ ಎಲ್ಲವೂ ಇದರೊಳಗೇ. ಇಷ್ಟೊಂದರಲ್ಲಿ ಒಂದನ್ನು ಬರೀ ಎಲೆ ನೋಡಿ ಹೇಳು ಅಂದರೆ ಹೇಗೆ?

ಮೊದಲು ಮೂರು ಪದ

ಕನ್ನಡದಲ್ಲಿ ಇಲ್ಲೇ ಗೊಂದಲ ಶುರುವಾಗುತ್ತದೆ. 'ಜಾತಿ' ಅನ್ನುವ ಪದವನ್ನು ಕೆಲವು ಪುಸ್ತಕಗಳು ಜೀನಸ್‌ಗೆ ಬಳಸುತ್ತವೆ, ಇನ್ನು ಕೆಲವು ಸ್ಪೀಶೀಸ್‌ಗೆ. ಹಾಗಾಗಿ ನಾನು ಆ ಪದವನ್ನೇ ಬಿಟ್ಟಿದ್ದೇನೆ. ಈ ಲೇಖನದಲ್ಲಿ ಕುಲ ಅಂದರೆ ಜೀನಸ್, ಪ್ರಭೇದ ಅಂದರೆ ಸ್ಪೀಶೀಸ್, ಕುಟುಂಬ ಅಂದರೆ ಫ್ಯಾಮಿಲಿ. ಪ್ರಭೇದಗಳು ಸೇರಿ ಕುಲ, ಕುಲಗಳು ಸೇರಿ ಕುಟುಂಬ. 'ತಳಿ' ಇದ್ಯಾವುದೂ ಅಲ್ಲ. ಅದು ಒಂದೇ ಪ್ರಭೇದದೊಳಗೆ ಮನುಷ್ಯರು ಆರಿಸಿ ಬೆಳೆಸಿದ ಬಗೆ. ಭತ್ತದ ಸಾವಿರಾರು ತಳಿಗಳಿದ್ದರೂ ಹೆಚ್ಚುಕಡಿಮೆ ಎಲ್ಲದರ ಪ್ರಭೇದ ಒಂದೇ, ಒರೈಜಾ ಸಟೈವಾ.

ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಒಂದು ಸೂಜಿ, ಮಿಲಿಮೀಟರ್ ಗೆರೆಗಳಿರುವ ಸ್ಕೇಲು, ಒಂದು ಬಿಳಿ ಹಾಳೆ, ಹಳೇ ಪೇಪರ್, ಪೆನ್ಸಿಲ್. ಫೋನಿನ ಕ್ಯಾಮೆರಾ ಹೇಗೂ ಇರುತ್ತದೆ. ಮಸೂರ ಇಲ್ಲದೆ ಕೂರಬೇಡಿ. ಹುಲ್ಲಿನ ಹೂವು ಎಷ್ಟೋ ಸಲ ಎರಡು ಮೂರು ಮಿಲಿಮೀಟರ್ ಅಷ್ಟೇ ಇರುತ್ತದೆ.

ಹಂತ 1: ಅದು ಹುಲ್ಲೇನಾ ಅಂತ ಮೊದಲು ನೋಡಿ

ಉದ್ದ, ತೆಳು, ಹಸಿರು ಎಲೆ ಇದ್ದದ್ದೆಲ್ಲ ಹುಲ್ಲಲ್ಲ. ನನ್ನ ಹತ್ತಿರ ಬರುವ 'ಹುಲ್ಲುಗಳಲ್ಲಿ' ಜೇಕಿನ ಕುಟುಂಬದವು ಬೇಕಾದಷ್ಟಿರುತ್ತವೆ. ಕೊನ್ನಾರಿ ಗಡ್ಡೆ ಅಂತ ಕರೆಯುವ ಕಳೆ ನೋಡಲು ಹುಲ್ಲಿನ ಹಾಗೇ ಇದೆ, ಆದರೆ ಅದರ ಕುಟುಂಬವೇ ಬೇರೆ, ಸೈಪರೇಸಿ.

ದಂಟನ್ನು ಎರಡು ಬೆರಳ ನಡುವೆ ಹಿಡಿದು ಉರುಳಿಸಿ. ಮೂರು ಏಣು ಬೆರಳಿಗೆ ತಾಕಿದರೆ ಬಹುತೇಕ ಜೇಕು. ಹುಲ್ಲಿನ ದಂಟು ದುಂಡಗೆ ಅಥವಾ ಸ್ವಲ್ಪ ಚಪ್ಪಟೆಯಾಗಿರುತ್ತದೆ, ನಡುನಡುವೆ ಗೆಣ್ಣು ಇರುತ್ತದೆ. ಗೆಣ್ಣು ಗಟ್ಟಿ. ಎರಡು ಗೆಣ್ಣಿನ ಮಧ್ಯ ಸಾಮಾನ್ಯವಾಗಿ ಟೊಳ್ಳು. ಬಿದಿರನ್ನು ನೆನಪಿಸಿಕೊಂಡರೆ ಸಾಕು.

ಆಮೇಲೆ ಮೇಲಿನಿಂದ ಗಿಡವನ್ನು ನೋಡಿ. ಹುಲ್ಲಿನ ಎಲೆಗಳು ಎರಡು ಸಾಲಿನಲ್ಲಿ, ಒಂದು ಈ ಕಡೆ ಒಂದು ಆ ಕಡೆ ಬರುತ್ತವೆ. ಜೇಕಿನಲ್ಲಿ ಮೂರು ಸಾಲು. ಎಲೆಯ ಬುಡ ದಂಟನ್ನು ಕೊಳವೆಯ ಹಾಗೆ ಸುತ್ತಿಕೊಂಡಿರುತ್ತದಲ್ವಾ, ಅದಕ್ಕೆ ಎಲೆಕವಚ ಅನ್ನೋಣ. ಹುಲ್ಲಿನಲ್ಲಿ ಇದು ಹೆಚ್ಚಾಗಿ ಒಂದು ಕಡೆ ಸೀಳಿರುತ್ತದೆ, ಉಗುರಿನಿಂದ ಬಿಡಿಸಿದರೆ ಬಿಚ್ಚಿಕೊಳ್ಳುತ್ತದೆ. ಜೇಕಿನಲ್ಲಿ ಅದು ಮುಚ್ಚಿದ ಕೊಳವೆ.

ಎಡವುವ ಜಾಗ: 'ಟೊಳ್ಳಿಲ್ಲ, ಹಾಗಾಗಿ ಹುಲ್ಲಲ್ಲ' ಅಂದುಬಿಡುವುದು. ಕಬ್ಬು, ಜೋಳ, ಮೆಕ್ಕೆಜೋಳದ ದಂಟಿನೊಳಗೆ ತಿರುಳು ತುಂಬಿದೆ, ಆದರೂ ಅವು ಹುಲ್ಲೇ. ಎಲೆಕವಚ ಮುಚ್ಚಿರುವ ಹುಲ್ಲುಗಳೂ ಇವೆ, ಬ್ರೋಮಸ್ ಕುಲದಲ್ಲಿ ಹಾಗೆ. ಒಂದು ಗುರುತು ನಂಬಿ ಕೂರಬೇಡಿ, ಮೂರನ್ನೂ ನೋಡಿ. ಕೆರೆಯ ಅಂಚಿನ ಆಪು ಎಷ್ಟೇ ಹುಲ್ಲಿನಂತೆ ಕಂಡರೂ ಈ ಕುಟುಂಬದ್ದಲ್ಲ. ಕುದುರೆಮೆಂತ್ಯವನ್ನು ಮೇವಿನ ಹುಲ್ಲು ಅಂತ ಕರೆದರೂ ಅದು ಅವರೆ, ತೊಗರಿಯ ಬಳಗ.

ಹಂತ 2: ಇಡೀ ಗಿಡ ತೆಗೆಯಿರಿ, ತೆನೆ ಬಂದ ಮೇಲೆ

ಬುಡ ಬೇಕು, ಬೇರು ಬೇಕು, ಎಲೆ ಬೇಕು, ತೆನೆಯಂತೂ ಬೇಕೇ ಬೇಕು. ಬುಡದಲ್ಲಿ ಏನಿದೆ ಅನ್ನುವುದು ದೊಡ್ಡ ಸುಳಿವು. ತೆಂಡೆ ಒಡೆದು ಗುಂಪಾಗಿ ನಿಂತಿದೆಯಾ? ನೆಲದ ಮೇಲೆ ಹಂಬು ಹರಿದು ಗೆಣ್ಣು ಗೆಣ್ಣಿಗೆ ಬೇರು ಬಿಟ್ಟಿದೆಯಾ? ಮಣ್ಣಿನೊಳಗೆ ಬೇರಿನಂತೆ ಕಾಣುವ ದಂಟು ಇದೆಯಾ? ಮೇಲಿನಿಂದ ಕಿತ್ತುಕೊಂಡು ಬಂದರೆ ಈ ಮೂರೂ ಗೊತ್ತಾಗುವುದಿಲ್ಲ.

ತೆನೆ ಹಣ್ಣಾಗಿ ಉದುರುವ ಮುಂಚೆ ತೆಗೆಯಿರಿ. ಆದರೆ ಇನ್ನೂ ಹೊಡೆಯಲ್ಲೇ ಇರುವುದು ಬೇಡ. ಒಂದೇ ಗಿಡದಲ್ಲಿ ಎಳೆಯ ತೆನೆ, ಬಲಿತ ತೆನೆ ಎರಡೂ ಸಿಕ್ಕರೆ ನಿಮ್ಮ ಅದೃಷ್ಟ. ಪೇಪರಿನ ಮಡಿಕೆಯಲ್ಲಿಟ್ಟು ಒತ್ತಿ ಒಣಗಿಸಿ. ಪೇಪರ್ ದಿನಾ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಗಿಡ ಉದ್ದ ಇದ್ದರೆ ಇಂಗ್ಲಿಷಿನ 'ವಿ' ಅಥವಾ 'ಎನ್' ಅಕ್ಷರದ ಹಾಗೆ ಮಡಚಿ, ತುಂಡು ಮಾಡಬೇಡಿ.

ಯಾರದೋ ಹೊಲ ಅಥವಾ ಕಾಪಿಟ್ಟ ಕಾಡು ಆದರೆ ಕೇಳದೆ ಕೀಳಬೇಡಿ. ಅಲ್ಲಿ ಫೋಟೊ ಸಾಕು. ಇಡೀ ಗಿಡ, ಬುಡ, ಎಲೆ ಮತ್ತು ಕವಚ ಸೇರುವ ಜಾಗ, ಪೂರ್ತಿ ತೆನೆ, ತೆನೆಯ ಒಂದು ತುಣುಕು ಸ್ಕೇಲಿನ ಪಕ್ಕ. ಈ ಐದು ಫೋಟೊ ಇದ್ದರೆ ಮಾತು ಮುಂದುವರಿಸಬಹುದು.

ಬಿದಿರಿನದ್ದು ಬೇರೆ ಕತೆ. ಅನೇಕ ಬಿದಿರುಗಳು ಹಲವು ದಶಕಕ್ಕೊಮ್ಮೆ ಹೂ ಬಿಡುತ್ತವೆ. ಅಲ್ಲಿಯವರೆಗೆ ಕಾಯಲಾಗುತ್ತಾ? ಅದಕ್ಕೇ ಬಿದಿರಿಗೆ ಕಳಲೆಯ ಮೇಲಿನ ಹೊದಿಕೆಯನ್ನು ನೋಡುತ್ತಾರೆ. ಅದರ ಆಕಾರ, ಅದರ ಮೇಲಿನ ರೋಮ, ತುದಿಯಲ್ಲಿರುವ ಪುಟ್ಟ ಎಲೆಯಂಥ ಭಾಗ ಒಂದೊಂದು ಪ್ರಭೇದದಲ್ಲಿ ಒಂದೊಂದು ಥರ.

ಹಂತ 3: ಎಲೆ ಬಿಚ್ಚಿ ನಾಲಿಗೆ ನೋಡಿ

ಎಲೆಯ ಗರಿಯನ್ನು ದಂಟಿನಿಂದ ಮೆಲ್ಲಗೆ ಹಿಂದಕ್ಕೆ ಬಾಗಿಸಿ. ಗರಿ ಮುಗಿದು ಕವಚ ಶುರುವಾಗುವ ಜಾಗದಲ್ಲಿ, ಒಳಮೈಯಲ್ಲಿ, ಒಂದು ತೆಳು ಪೊರೆ ಅಥವಾ ರೋಮದ ಸಾಲು ಕಾಣುತ್ತದೆ. ಇದಕ್ಕೆ ಲಿಗ್ಯೂಲ್ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಪುಟ್ಟ ನಾಲಿಗೆ ಅಂತ ಅರ್ಥ. ಪೊರೆಯೋ ರೋಮವೋ, ಎಷ್ಟು ಮಿಲಿಮೀಟರ್, ತುದಿ ಚೂಪೋ ಮೊಂಡೋ ಅಂತ ಬರೆದುಕೊಳ್ಳಿ.

ತೆನೆ ಇಲ್ಲದಿದ್ದಾಗ ನಂಬಬಹುದಾದ ಗುರುತು ಏನಾದರೂ ಇದ್ದರೆ ಇದೇ. ಭತ್ತದ ಗದ್ದೆಯಲ್ಲಿ ಭತ್ತದ ಸಸಿಯಂತೆಯೇ ಬೆಳೆಯುವ ಕಳೆ ಒಂದಿದೆ, ಎಕಿನೋಕ್ಲೋವಾ. ಎಳೆಯದರಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ. ನಾಲಿಗೆ ನೋಡಿ. ಭತ್ತದಲ್ಲಿ ಉದ್ದನೆಯ ಪೊರೆ ಇದೆ. ಎಕಿನೋಕ್ಲೋವಾ ಕ್ರಸ್-ಗ್ಯಾಲಿಯಲ್ಲಿ ನಾಲಿಗೆಯೇ ಇಲ್ಲ, ಬರೀ ನುಣುಪು.

ಹಂತ 4: ಕಿರುತೆನೆ ಬಿಡಿಸಿ

ಈಗ ನಿಜವಾದ ಕೆಲಸ. ಸಮಯ ಕೊಡಿ.

ಹುಲ್ಲಿಗೆ ಎಸಳಿರುವ ಹೂ ಇಲ್ಲ. ಗಾಳಿಯೇ ಪರಾಗ ಹೊತ್ತೊಯ್ಯುವಾಗ ಚಿಟ್ಟೆಗೆ ಬಣ್ಣ ತೋರಿಸಿ ಏನಾಗಬೇಕು? ಎಸಳಿನ ಬದಲು ಹೊಟ್ಟಿನಂಥ ಪೊರೆಗಳು ಹೂವನ್ನು ಮುಚ್ಚಿರುತ್ತವೆ. ಒಂದೋ ಹಲವೋ ಹೂಗಳು ಒಂದು ಪುಟ್ಟ ಕಡ್ಡಿಯ ಮೇಲೆ ಕೂತ ಕಟ್ಟಿಗೆ ಕಿರುತೆನೆ ಅನ್ನಬಹುದು, ಸ್ಪೈಕ್‌ಲೆಟ್ ಅಂತ ಪುಸ್ತಕದ ಹೆಸರು. ತೆನೆ ಅಂದರೆ ಇಂಥ ಕಿರುತೆನೆಗಳ ಸಂತೆ.

ಒಂದು ಕಿರುತೆನೆಯನ್ನು ಬಿಳಿ ಹಾಳೆಯ ಮೇಲಿಟ್ಟು ಸೂಜಿಯಿಂದ ಕೆಳಗಿನಿಂದ ಒಂದೊಂದೇ ಪೊರೆ ಬಿಡಿಸಿ. ಕೆಳಗಿನ ಎರಡು ಖಾಲಿ ಪೊರೆಗಳಿಗೆ ಗ್ಲೂಮ್ ಅನ್ನುತ್ತಾರೆ, ಅವುಗಳ ಒಳಗೆ ಹೂ ಇರುವುದಿಲ್ಲ. ಅದರ ಮೇಲೆ ಪ್ರತಿ ಹೂವಿಗೂ ಎರಡು ಪೊರೆ. ಹೊರಗಿನದು ಲೆಮ್ಮಾ, ಒಳಗಿನದು ಪೇಲಿಯಾ. ಭತ್ತದ ಹೊಟ್ಟು ಅನ್ನುತ್ತೇವಲ್ಲ, ಅದು ಮುಖ್ಯವಾಗಿ ಈ ಲೆಮ್ಮಾ ಮತ್ತು ಪೇಲಿಯಾ. ಅವುಗಳ ನಡುವೆ ಸಾಮಾನ್ಯವಾಗಿ ಮೂರು ಕೇಸರ, ಗರಿಯಂಥ ಎರಡು ಶಲಾಕೆಯ ತುದಿ, ಮತ್ತೆ ಎರಡು ಪುಟಾಣಿ ಉಬ್ಬುಗಳು. ಈ ಉಬ್ಬುಗಳು ನೀರು ಹೀರಿ ಊದಿಕೊಂಡು ಪೊರೆಗಳನ್ನು ದೂಡಿ ಹೂ ತೆರೆಯುತ್ತವೆ. ಆದರೆ ಭತ್ತದಲ್ಲಿ ಕೇಸರ ಆರು, ಎಣಿಸಿ ನೋಡಿ.

ಬರೆದುಕೊಳ್ಳಬೇಕಾದದ್ದು ಇಷ್ಟು. ಒಂದು ಕಿರುತೆನೆಯಲ್ಲಿ ಎಷ್ಟು ಹೂ? ಗ್ಲೂಮ್‌ಗಳು ಹೂವಿಗಿಂತ ಉದ್ದವೋ ಗಿಡ್ಡವೋ? ತುದಿಯಲ್ಲಿ ಸುಂಕು, ಅಂದರೆ ಮೀಸೆಯಂಥ ಕಡ್ಡಿ, ಇದೆಯಾ? ಕಿರುತೆನೆ ಬದಿಯಿಂದ ಚಪ್ಪಟೆಯಾಗಿದೆಯಾ, ಬೆನ್ನಿನಿಂದಲಾ? ಒಂಟಿಯಾಗಿ ಕೂತಿವೆಯಾ, ಜೋಡಿಯಾಗಿಯಾ?

ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ: ಬಲಿತ ಮೇಲೆ ಅದು ಎಲ್ಲಿ ಮುರಿಯುತ್ತದೆ? ಬಲಿತ ತೆನೆಯನ್ನು ಹಾಳೆಯ ಮೇಲೆ ಮೆಲ್ಲಗೆ ಉಜ್ಜಿ. ಗ್ಲೂಮ್‌ಗಳು ಗಿಡದಲ್ಲೇ ಉಳಿದು ಹೂವಿನ ಭಾಗ ಮಾತ್ರ ಉದುರಿತೇ? ಗೋಧಿಯ ಬಳಗವಾದ ಪೂಆಯ್ಡಿ ಉಪಕುಟುಂಬದ ಕಾಡು ಹುಲ್ಲುಗಳಲ್ಲಿ ಸಾಮಾನ್ಯವಾಗಿ ಹೀಗೆ. ಗ್ಲೂಮ್ ಸಮೇತ ಇಡೀ ಕಿರುತೆನೆ ಉದುರಿತೇ? ಹಾಗಾದರೆ ನವಣೆ, ಜೋಳಗಳ ಬಳಗವಾದ ಪ್ಯಾನಿಕಾಯ್ಡಿ ಕಡೆ ನೋಡಿ. ಪ್ಯಾನಿಕಾಯ್ಡಿಯ ಕಿರುತೆನೆಯಲ್ಲಿ ಹೆಚ್ಚಾಗಿ ಎರಡು ಹೂ ಇರುತ್ತವೆ. ಮೇಲಿನದು ಕಾಳು ಕಟ್ಟುತ್ತದೆ, ಕೆಳಗಿನದು ಬರೀ ಗಂಡು ಅಥವಾ ಗೊಡ್ಡು. ಇಂಥ ಗುರುತುಗಳ ಮೇಲೆ ಹುಲ್ಲುಗಳನ್ನು ಎರಡು ದೊಡ್ಡ ಬಳಗ ಮಾಡಬಹುದು ಅಂತ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1810ರ ದಶಕದಲ್ಲೇ ಕಂಡುಕೊಂಡಿದ್ದರು. ಡಿಎನ್‌ಎ ಬಂದ ಮೇಲೆ ಲೆಕ್ಕ ತುಂಬ ಬದಲಾಗಿದೆ, ಆದರೆ ಹೊಲದಲ್ಲಿ ನಿಂತವರಿಗೆ ಈ ಗುರುತು ಈಗಲೂ ಉಪಯೋಗಕ್ಕೆ ಬರುತ್ತದೆ.

ಇದೇ ಉಜ್ಜುವ ಪರೀಕ್ಷೆಯ ಇನ್ನೊಂದು ಲಾಭ. ತೆನೆ ತುಂಬ ಗಡುಸು ರೋಮ ಇರುವ, ಬಾಟಲಿ ತೊಳೆಯುವ ಬ್ರಷ್ಷಿನಂಥ ಹುಲ್ಲು ಸಿಕ್ಕರೆ ಅದು ಸೆಟೇರಿಯಾ ಕುಲವೋ ಸೆಂಕ್ರಸ್ ಕುಲವೋ ಅನ್ನುವ ಅನುಮಾನ ಬರುತ್ತದೆ. ಉಜ್ಜಿ ನೋಡಿ. ಕಿರುತೆನೆ ಉದುರಿ ರೋಮ ಕಡ್ಡಿಯಲ್ಲೇ ಉಳಿದರೆ ಸೆಟೇರಿಯಾ. ರೋಮ ಸಮೇತ ಉದುರಿದರೆ ಸೆಂಕ್ರಸ್. ಎರಡು ನಿಮಿಷದ ಕೆಲಸ. ಕಾಡು ಹುಲ್ಲಿನಲ್ಲಿ ಮಾತ್ರ ಮಾಡಿ. ಬೆಳೆಯಾಗಿ ಪಳಗಿದ ನವಣೆ, ಸಜ್ಜೆ ಹೀಗೆ ಸುಲಭಕ್ಕೆ ಉದುರುವುದಿಲ್ಲ. ಉದುರದೇ ನಿಂತದ್ದನ್ನೇ ಅಲ್ವಾ ಮನುಷ್ಯರು ಆರಿಸಿ ಬಿತ್ತುತ್ತಾ ಬಂದದ್ದು.

ಹಂತ 5: ಕೀ ಬಳಸಿ ಕುಲದವರೆಗೆ ಬನ್ನಿ

ಪ್ರದೇಶದ ಸಸ್ಯಗಳನ್ನು ವಿವರಿಸುವ ಗ್ರಂಥಕ್ಕೆ ಫ್ಲೋರಾ ಅನ್ನುತ್ತಾರೆ. ಅದರಲ್ಲಿ ಕೀ ಇರುತ್ತದೆ. ಕೀ ಅಂದರೆ ಎರಡೆರಡು ಆಯ್ಕೆಗಳ ಸರಣಿ. 'ಕಿರುತೆನೆಯಲ್ಲಿ ಒಂದು ಹೂ' ಅಥವಾ 'ಎರಡು ಅಥವಾ ಹೆಚ್ಚು'. ಒಂದನ್ನು ಆರಿಸಿದರೆ ಅದು ಮುಂದಿನ ಸಂಖ್ಯೆಗೆ ಕಳಿಸುತ್ತದೆ. ನಿಮ್ಮ ಪ್ರದೇಶದ ಫ್ಲೋರಾವನ್ನೇ ಬಳಸಿ. ಬೇರೆ ಖಂಡದ ಕೀ ಹಿಡಿದರೆ ನಿಮ್ಮ ಹುಲ್ಲು ಅದರಲ್ಲಿ ಇರುವುದೇ ಇಲ್ಲ, ಆದರೂ ಕೀ ಯಾವುದೋ ಒಂದು ಉತ್ತರ ಕೊಟ್ಟೇ ಕೊಡುತ್ತದೆ!

ಉದಾಹರಣೆಗೆ, ತುದಿಯಲ್ಲಿ ಕೈಬೆರಳಿನ ಹಾಗೆ ಹರಡಿದ ತೆನೆ ಕಂಡರೆ ಸಾಕು, ಎಲ್ಲರೂ 'ಗರಿಕೆ' ಅನ್ನುತ್ತಾರೆ. ಬೆರಳು ತೆನೆಯ ಕುಲಗಳು ಕಡಿಮೆಯೆಂದರೂ ನಾಲ್ಕು ನಿಮಗೆ ಎದುರಾಗುತ್ತವೆ. ಗರಿಕೆಯ ಕುಲ ಸೈನೋಡಾನ್. ಹಂಬು ಹರಿಯುತ್ತದೆ, ನಾಲಿಗೆಯ ಜಾಗದಲ್ಲಿ ರೋಮ, ಕಿರುತೆನೆಯಲ್ಲಿ ಕಾಳು ಕಟ್ಟುವ ಹೂ ಒಂದೇ. ರಾಗಿಯ ಕುಲ ಎಲೂಸಿನ್. ಅದರ ಕಳೆ ಪ್ರಭೇದ ಎಲೂಸಿನ್ ಇಂಡಿಕಾ ಗುಂಪಾಗಿ ನಿಲ್ಲುತ್ತದೆ, ಬುಡ ಚಪ್ಪಟೆ ಮತ್ತು ಬೆಳ್ಳಗೆ, ಕಿರುತೆನೆಯಲ್ಲಿ ಹಲವು ಹೂ. ಬೆರಳಿನ ತುದಿಯಲ್ಲಿ ಕಿರುತೆನೆ ಇಲ್ಲದ ಬೋಳು ಮುಳ್ಳಿನಂಥ ಮೊನೆ ಚಾಚಿದ್ದರೆ ಅದು ಡ್ಯಾಕ್ಟೈಲಾಕ್ಟೀನಿಯಂ. ಕಿರುತೆನೆಗಳು ಜೋಡಿಯಾಗಿ, ಬೆನ್ನಿನಿಂದ ಚಪ್ಪಟೆಯಾಗಿ, ಸುಂಕಿಲ್ಲದೆ ಅಂಟಿಕೊಂಡಿದ್ದರೆ ಡಿಜಿಟೇರಿಯಾ. ಇದು ಪ್ಯಾನಿಕಾಯ್ಡಿ ಉಪಕುಟುಂಬದ್ದು. ಅಂದರೆ ನೋಡಲು ಗರಿಕೆಯ ತಮ್ಮ, ವಂಶದಲ್ಲಿ ದೂರದ ನೆಂಟ.

ಫೋನಿನ ಆ್ಯಪ್ ಬಗ್ಗೆ ಕೇಳುತ್ತೀರಿ. ಬಳಸಿ, ಬೇಡ ಅನ್ನುವುದಿಲ್ಲ. ಆದರೆ ಎಲೆಯ ಫೋಟೊ ಕೊಟ್ಟರೆ ಅದೂ ಊಹೆ ಮಾಡುತ್ತದೆ, ಅಷ್ಟೇ. ಅದು ಹೇಳಿದ ಹೆಸರಿನ ವಿವರಣೆ ತೆಗೆದು ನಿಮ್ಮ ಹಂತ 4ರ ಟಿಪ್ಪಣಿ ಜೊತೆ ಹೋಲಿಸಿ. ಹೂವಿನ ಸಂಖ್ಯೆ ತಾಳೆಯಾಗದಿದ್ದರೆ ಆ ಹೆಸರು ಬಿಡಿ.

ಹಂತ 6: ಸಿಕ್ಕ ಹೆಸರನ್ನು ಬಿಡಿಸಿ ಓದಿ

ಹೆಸರು ಸಿಕ್ಕಿತು ಅಂದುಕೊಳ್ಳಿ. ಪುಸ್ತಕದಲ್ಲಿ ಹೀಗಿರುತ್ತದೆ: ಸೈನೋಡಾನ್ ಡ್ಯಾಕ್ಟೈಲಾನ್ (ಎಲ್.) ಪರ್ಸ್.

ಮೊದಲ ಪದ ಕುಲ. ಎರಡನೆಯದು ಪ್ರಭೇದವನ್ನು ಗುರುತಿಸುವ ಪದ. ಎರಡೂ ಸೇರಿದರೆ ಮಾತ್ರ ಪ್ರಭೇದದ ಹೆಸರು. ಸುಮ್ನೆ 'ಸಟೈವಾ' ಅಂದರೆ ಏನೂ ಹೇಳಿದ ಹಾಗಲ್ಲ. ಒರೈಜಾ ಸಟೈವಾ ಭತ್ತ, ಅವೀನಾ ಸಟೈವಾ ಓಟ್ಸ್. ಸಟೈವಾ ಅಂದರೆ ಬಿತ್ತಿ ಬೆಳೆಯುವಂಥದು ಅಂತಷ್ಟೇ.

ಬಾಲದಲ್ಲಿರುವುದು ಹೆಸರಿಟ್ಟವರ ಗುರುತು. 'ಎಲ್.' ಅಂದರೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್. ಒಂದೇ ಅಕ್ಷರದ ಮರ್ಯಾದೆ ಅವರಿಗೆ. ಅವರು 1753ರಲ್ಲಿ ಗರಿಕೆಯನ್ನು ಪ್ಯಾನಿಕಂ ಡ್ಯಾಕ್ಟೈಲಾನ್ ಅಂತ ಕರೆದಿದ್ದರು. 1805ರಲ್ಲಿ ಪರ್ಸೂನ್ ಅದನ್ನು ಸೈನೋಡಾನ್ ಕುಲಕ್ಕೆ ತಂದರು. ಹಳಬರ ಹೆಸರು ಕಂಸದೊಳಗೆ, ಸ್ಥಳ ಬದಲಿಸಿದವರ ಹೆಸರು ಹೊರಗೆ. ಅಂದರೆ ಕಂಸ ಕಂಡ ಕೂಡಲೇ ಈ ಗಿಡ ಒಮ್ಮೆ ಬೇರೆ ಕುಲದಲ್ಲಿ (ಅಥವಾ ಬೇರೆ ಅಂತಸ್ತಿನಲ್ಲಿ) ಇತ್ತು ಅಂತ ತಿಳಿಯಿರಿ. ಮೆಕ್ಕೆಜೋಳದ ಹೆಸರು ಜೀಯಾ ಮೇಸ್ ಎಲ್. ಅಷ್ಟೇ, ಕಂಸ ಇಲ್ಲ. 1753ರಿಂದ ಅಲ್ಲಾಡದೆ ಕೂತಿದೆ. ಗರಿಕೆಗೆ ಮೊದಲು ಕೊಟ್ಟ ಪ್ಯಾನಿಕಂ ಡ್ಯಾಕ್ಟೈಲಾನ್‌ನಂಥ ಹಳೇ ಹೆಸರಿಗೆ ಬೇಸಿಯೊನಿಮ್ ಅನ್ನುತ್ತಾರೆ, ಮೂಲಹೆಸರು ಅನ್ನೋಣ.

1753 ಯಾಕೆ ಪದೇ ಪದೇ ಬರುತ್ತದೆ? ಆ ವರ್ಷ ಮೇ 1 ಸಸ್ಯಗಳ ಹೆಸರಿನ ಲೆಕ್ಕ ಶುರುವಾಗುವ ದಿನ ಅಂತ ಅಂತರರಾಷ್ಟ್ರೀಯ ನಿಯಮಾವಳಿ ಗೊತ್ತುಮಾಡಿದೆ. ಲಿನೇಯಸ್ ಅವರ ಸ್ಪೀಶೀಸ್ ಪ್ಲಾಂಟಾರಂ ಪುಸ್ತಕ ಬಂದ ವರ್ಷ ಅದು. ಅದಕ್ಕೂ ಮುಂಚಿನ ಹೆಸರುಗಳು ಲೆಕ್ಕಕ್ಕಿಲ್ಲ. ಆಮೇಲಿನವುಗಳಲ್ಲಿ ಸಾಮಾನ್ಯವಾಗಿ ಮೊದಲು ಸರಿಯಾಗಿ ಪ್ರಕಟವಾದದ್ದಕ್ಕೆ ಆದ್ಯತೆ. ಹೆಸರು ಯಾವ ಗಿಡಕ್ಕೆ ಸೇರಿದ್ದು ಅನ್ನುವ ಜಗಳ ಬಂದರೆ ಟೈಪ್ ನೋಡುತ್ತಾರೆ. ಟೈಪ್ ಅಂದರೆ ಆ ಹೆಸರಿಗೆ ಗಂಟುಹಾಕಿದ ಒಣಗಿದ ಮಾದರಿ, ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಇಟ್ಟಿರುತ್ತಾರೆ. 1958ರ ಜನವರಿ 1ರಿಂದ ಹೊಸ ಪ್ರಭೇದಕ್ಕೆ ಟೈಪ್ ಸೂಚಿಸುವುದು ಕಡ್ಡಾಯ. ಹೊಸ ಪ್ರಭೇದದ ವಿವರಣೆಯನ್ನು ಲ್ಯಾಟಿನ್ನಿನಲ್ಲೇ ಬರೆಯಬೇಕು ಅನ್ನುವ ಕಟ್ಟು 2012ರ ಜನವರಿ 1ರಿಂದ ಹೋಗಿದೆ, ಇಂಗ್ಲಿಷ್ ಆದರೂ ನಡೆಯುತ್ತದೆ. ಹೆಸರು ಮಾತ್ರ ಲ್ಯಾಟಿನ್ನಿನ ಕಟ್ಟಿಗೇ ಒಳಪಟ್ಟಿದೆ.

ಆ ಕಟ್ಟಿನಿಂದಲೇ ಬರುವ ಗೊಂದಲ ಪದದ ಕೊನೆ. ಲ್ಯಾಟಿನ್ನಿನಲ್ಲಿ ಕುಲದ ಹೆಸರಿಗೆ ಲಿಂಗ ಇದೆ. ಎರಡನೇ ಪದ ಗುಣವಾಚಕವಾದರೆ ಅದಕ್ಕೆ ತಕ್ಕಂತೆ ಬಾಲ ಬದಲಿಸಬೇಕು. ಗಿನಿ ಹುಲ್ಲನ್ನು ನೋಡಿ. ಮೊದಲು ಪ್ಯಾನಿಕಂ ಮ್ಯಾಕ್ಸಿಮಂ, ಆಮೇಲೆ ಯೂರೋಕ್ಲೋವಾ ಮ್ಯಾಕ್ಸಿಮಾ, ಈಗ ಮೆಗಾಥಿರ್ಸಸ್ ಮ್ಯಾಕ್ಸಿಮಸ್. ನಪುಂಸಕ, ಸ್ತ್ರೀ, ಪುಲ್ಲಿಂಗ ಮೂರೂ ಆಯಿತು! ಓದುಗರು ಇದನ್ನು ಮೂರು ಬೇರೆ ಹುಲ್ಲು ಅಂದುಕೊಳ್ಳುತ್ತಾರೆ. ಅಲ್ಲ, ಒಂದೇ ಹುಲ್ಲು. ನವಣೆಯೂ ಹಾಗೇ, ಪ್ಯಾನಿಕಂ ಇಟಾಲಿಕಂ ಹೋಗಿ ಸೆಟೇರಿಯಾ ಇಟಾಲಿಕಾ ಆಯಿತು.

ಹೆಸರಿನ ಅರ್ಥವನ್ನು ನಂಬಿ ಗಿಡ ಗುರುತಿಸಬೇಡಿ. ಇಟಾಲಿಕಾ ಅಂದರೆ ಇಟಲಿಯದು, ಆದರೆ ನವಣೆ ಬೆಳೆಯಾಗಿ ಪಳಗಿದ್ದು ಚೀನಾದಲ್ಲಿ. ಗೋಧಿಯ ಟ್ರಿಟಿಕಂ ಈಸ್ಟೈವಂ ಅಂದರೆ ಬೇಸಿಗೆಯ ಗೋಧಿ. ಲಿನೇಯಸ್ ಬೇಸಿಗೆ ಗೋಧಿಗೆ ಒಂದು, ಚಳಿಗಾಲದ ಗೋಧಿಗೆ ಹೈಬರ್ನಂ ಅಂತ ಇನ್ನೊಂದು ಪ್ರಭೇದ ಮಾಡಿದ್ದರು. ಈಗ ಎರಡೂ ಒಂದೇ, ಚಳಿಗಾಲದ್ದನ್ನೂ 'ಬೇಸಿಗೆಯದು' ಅಂತಲೇ ಕರೆಯುತ್ತೇವೆ. ಅರ್ಥ ತಪ್ಪು ಅನ್ನುವ ಕಾರಣಕ್ಕೆ ಹೆಸರು ಬದಲಿಸಲು ನಿಯಮ ಬಿಡುವುದಿಲ್ಲ. ನನಗೆ ಇದು ಸರಿ ಅನ್ನಿಸುತ್ತದೆ. ಹೆಸರಿನ ಕೆಲಸ ಗಿಡವನ್ನು ತೋರಿಸುವುದು, ಅದರ ಜಾತಕ ಹೇಳುವುದಲ್ಲ. ಕೆಲವು ಹೆಸರು ಮಾತ್ರ ಅರ್ಥದಲ್ಲೂ ಚೆಂದ. ಹೆಟೆರೋಪೋಗಾನ್ ಕಂಟಾರ್ಟಸ್ ಅನ್ನುವುದರ ಎರಡನೇ ಪದಕ್ಕೆ ತಿರುಚಿದ್ದು ಅಂತ ಅರ್ಥ. ಅದರ ಸುಂಕು ಹಗ್ಗದ ಹಾಗೆ ಹೊಸೆದುಕೊಂಡಿರುತ್ತದೆ, ತೇವ ತಾಕಿದರೆ ತಿರುಗುತ್ತಾ ಬೀಜವನ್ನು ಮಣ್ಣಿಗೆ ಕೊರೆಯುತ್ತದೆ. ಬಟ್ಟೆಗೂ ಕೊರೆಯುತ್ತದೆ.

ಜೋಳದ ಹೆಸರಿನ ಕತೆ ನನಗೆ ಇಷ್ಟ. ಲಿನೇಯಸ್ 1753ರಲ್ಲಿ ಹೋಲ್ಕಸ್ ಸೋರ್ಗಂ ಅಂದರು. ಆಮೇಲೆ ಸೋರ್ಗಂ ಅನ್ನುವ ಕುಲವೇ ಬೇರೆಯಾಯಿತು. ನಿಯಮದ ಪ್ರಕಾರ ಹಳೇ ಪದ ಉಳಿಸಿದರೆ 'ಸೋರ್ಗಂ ಸೋರ್ಗಂ' ಆಗಬೇಕಿತ್ತು. ಆದರೆ ಸಸ್ಯಗಳಲ್ಲಿ ಕುಲದ ಹೆಸರನ್ನೇ ಎರಡನೇ ಪದವಾಗಿ ಬಳಸುವ ಹಾಗಿಲ್ಲ. ಪ್ರಾಣಿಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ, ಗೊರಿಲ್ಲಾ ಗೊರಿಲ್ಲಾ ಇದೆ. ಹಾಗಾಗಿ ಲಿನೇಯಸ್ಸರದ್ದೇ ಇನ್ನೊಂದು ಹೆಸರಿನಿಂದ ಬಂದ ಸೋರ್ಗಂ ಬೈಕಲರ್ ನಿಂತಿತು. ಬಿದಿರಿನ ಬಾಂಬೂಸಾ ಬಾಂಬೋಸ್ ಹೇಗೆ ನಡೆಯುತ್ತದೆ ಅಂತ ಕೇಳಬೇಡಿ, ಅಲ್ಲಿ ಕಾಗುಣಿತ ಒಂದೇ ಅಲ್ಲ!

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಕುಟುಂಬದ ಹೆಸರು ಪೊಯೇಸಿಯೋ ಗ್ರ್ಯಾಮಿನೀಯೋ? ಎರಡೂ ಸರಿ. ಗ್ರ್ಯಾಮಿನೀ ಹಳೆಯದು, 1789ರಲ್ಲಿ ಜುಸ್ಸ್ಯೂ ಅದನ್ನು ಪ್ರಕಟಿಸಿದರು. ಲ್ಯಾಟಿನ್ನಿನಲ್ಲಿ ಗ್ರಾಮೆನ್ ಅಂದರೆ ಹುಲ್ಲು. ಸಸ್ಯ ಕುಟುಂಬದ ಹೆಸರು ಒಂದು ಕುಲದ ಹೆಸರಿನಿಂದ ಹುಟ್ಟಿ 'ಏಸಿ' ಅಂತ ಮುಗಿಯಬೇಕು ಅನ್ನುವುದು ನಿಯಮ. ಪೋವಾ ಕುಲದಿಂದ ಪೊಯೇಸಿ ಬಂದದ್ದು 1895ರಲ್ಲಿ, ಬಾರ್ನ್‌ಹಾರ್ಟ್ ಅವರಿಂದ. ಪೋವಾ ಅನ್ನುವುದೂ ಗ್ರೀಕಿನ ಹುಲ್ಲೇ. ಬಳಕೆಯಲ್ಲಿ ಬೇರೂರಿದ ಕೆಲವು ಹಳೇ ಕುಟುಂಬದ ಹೆಸರುಗಳಿಗೆ ನಿಯಮಾವಳಿ ವಿನಾಯಿತಿ ಕೊಟ್ಟಿದೆ, ಅದರಲ್ಲಿ ಗ್ರ್ಯಾಮಿನೀ ಒಂದು. ಹೊಸದಾಗಿ ಕಲಿಯುವವರು ಪೊಯೇಸಿ ಬಳಸಿ, ಹಳೇ ಪುಸ್ತಕದಲ್ಲಿ ಗ್ರ್ಯಾಮಿನೀ ಕಂಡರೆ ಗಾಬರಿ ಬೇಡ. ಪರೀಕ್ಷೆಯಲ್ಲಿ ಒಂದನ್ನು ತಪ್ಪು ಅಂತ ಅಂಕ ಕಳೆದರೆ ಅದು ಪರೀಕ್ಷಕರ ತಪ್ಪು.

ಹಂತ 7: ಹೆಸರು ಈಗಲೂ ಚಾಲ್ತಿಯಲ್ಲಿದೆಯಾ?

ನಿಮ್ಮ ಫ್ಲೋರಾ ಐವತ್ತು ವರ್ಷ ಹಳೆಯದಿರಬಹುದು. ಅದರಲ್ಲಿ ಲಾವಂಚ ವೆಟಿವೇರಿಯಾ ಜಿಜಾನಿಯಾಯ್ಡಿಸ್ ಅಂತ ಇರುತ್ತದೆ, ಈಗ ಅದು ಕ್ರೈಸೋಪೋಗಾನ್ ಕುಲದಲ್ಲಿದೆ. ಹಳೇ ಹೆಸರಿಗೆ ಸಿನೊನಿಮ್, ಅಂದರೆ ಪರ್ಯಾಯ ಹೆಸರು, ಅನ್ನುತ್ತಾರೆ. ಈಗ ಒಪ್ಪಿರುವುದಕ್ಕೆ ಅಂಗೀಕೃತ ಹೆಸರು.

ನೋಡಲು ಒಳ್ಳೆಯ ಜಾಲತಾಣ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್. ವರ್ಲ್ಡ್ ಫ್ಲೋರಾ ಆನ್‌ಲೈನ್, ಮಿಸೂರಿ ಸಸ್ಯೋದ್ಯಾನದ ಟ್ರಾಪಿಕೋಸ್ ಕೂಡ ಇವೆ. ಎಲ್ಲವೂ ಪುಕ್ಕಟೆ. ಹೆಸರನ್ನು ರೋಮನ್ ಲಿಪಿಯಲ್ಲೇ ಹಾಕಿ ಹುಡುಕಬೇಕು. ಇಂಟರ್‌ನ್ಯಾಷನಲ್ ಪ್ಲಾಂಟ್ ನೇಮ್ಸ್ ಇಂಡೆಕ್ಸ್ ಅಂತ ಇನ್ನೊಂದಿದೆ. ಅದರ ಮುಖ್ಯ ಕೆಲಸ ಯಾವ ಹೆಸರು ಎಲ್ಲಿ, ಯಾವಾಗ ಪ್ರಕಟವಾಯಿತು ಅನ್ನುವ ದಾಖಲೆ. ಅದರಲ್ಲಿ ಹೆಸರು ಸಿಕ್ಕಿತು ಅಂದ ಮಾತ್ರಕ್ಕೆ ಚಾಲ್ತಿಯಲ್ಲಿದೆ ಅಂತಲ್ಲ. ತುಂಬ ಜನ ಇಲ್ಲಿ ಎಡವುತ್ತಾರೆ.

ಹೆಸರು ಯಾಕೆ ಬದಲಿಸುತ್ತಾರೆ ಅಂತ ಸಿಟ್ಟು ಬರುತ್ತದೆ, ನನಗೂ ಬರುತ್ತದೆ. ಸಜ್ಜೆಯನ್ನೇ ನೋಡಿ. ಪೆನ್ನಿಸೆಟಂ ಗ್ಲಾಕಂ ಅಂತ ಬಾಯಿಪಾಠ ಮಾಡಿದ್ದೆವು. ಡಿಎನ್‌ಎ ಹೋಲಿಸಿದಾಗ ಪೆನ್ನಿಸೆಟಂ ಮತ್ತು ಸೆಂಕ್ರಸ್ ಕುಲಗಳನ್ನು ಬೇರೆ ಇಡಲು ಆಗುವುದಿಲ್ಲ ಅಂತ ಕಂಡಿತು. ಎರಡನ್ನೂ ಸೇರಿಸಿದರೆ ಯಾವ ಹೆಸರು ಉಳಿಯಬೇಕು? ಸೆಂಕ್ರಸ್ 1753ರದ್ದು, ಪೆನ್ನಿಸೆಟಂ 1805ರದ್ದು. ಹಿರಿಯದು ಗೆದ್ದಿತು. ಸೆಂಕ್ರಸ್ ಗ್ಲಾಕಸ್ ಅಂತ ಇನ್ನೊಂದು ಹುಲ್ಲು ಆಗಲೇ ಇದ್ದುದರಿಂದ ಎರಡನೇ ಪದವೂ ಹೋಯಿತು. 2010ರಿಂದ ಸೆಂಕ್ರಸ್ ಅಮೆರಿಕಾನಸ್. ಆದರೆ ಬೆಳೆ ವಿಜ್ಞಾನದ ಬರಹಗಳಲ್ಲಿ ಅನೇಕರು ಈಗಲೂ ಹಳೆಯದನ್ನೇ ಬಳಸುತ್ತಾರೆ. ಯಾವ ಗಿಡ ಯಾವ ಕುಲಕ್ಕೆ ಅನ್ನುವುದು ವಿಜ್ಞಾನಿಗಳ ಅಭಿಪ್ರಾಯ, ಅದನ್ನು ನಿಯಮಾವಳಿ ತೀರ್ಮಾನಿಸುವುದಿಲ್ಲ. ಎರಡು ತಾಣಗಳಲ್ಲಿ ಎರಡು ಹೆಸರು ಕಂಡರೆ ಒಂದನ್ನು ಹಿಡಿದು ಇನ್ನೊಂದನ್ನು ಪಕ್ಕದಲ್ಲಿ ಪರ್ಯಾಯ ಅಂತ ಬರೆಯಿರಿ.

ಹಂತ 8: ಬರೆಯುವ ರೀತಿ, ಲೇಬಲ್

ರೋಮನ್ ಲಿಪಿಯಲ್ಲಾದರೆ ಕುಲದ ಮೊದಲ ಅಕ್ಷರ ದೊಡ್ಡದು, ಎರಡನೇ ಪದ ಪೂರ್ತಿ ಚಿಕ್ಕ ಅಕ್ಷರ. ಎರಡೂ ಪದ ವಾಲಿದ ಅಕ್ಷರದಲ್ಲಿ, ಕೈಬರಹವಾದರೆ ಅಡಿಗೆರೆ. ಹೆಸರಿಟ್ಟವರ ಗುರುತು ವಾಲಿಸಬೇಡಿ. ತಳಿಯ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ನೆಟ್ಟಗೆ ಬರೆಯಬೇಕು. ಒಮ್ಮೆ ಪೂರ್ತಿ ಬರೆದ ಮೇಲೆ ಕುಲವನ್ನು ಮೊದಲ ಅಕ್ಷರಕ್ಕೆ ಇಳಿಸಬಹುದು. ಆದರೆ ಸೆಟೇರಿಯಾ, ಸೋರ್ಗಂ ಎರಡೂ ಒಂದೇ ಬರಹದಲ್ಲಿದ್ದರೆ ಬೇಡ, ಯಾವ 'ಎಸ್' ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

ಕನ್ನಡ ಲಿಪಿಯಲ್ಲಿ ಬರೆಯುವಾಗ ಇಂಥದ್ದೇ ಕಾಗುಣಿತ ಅನ್ನುವ ಕಟ್ಟಳೆ ಇಲ್ಲ. ಡ್ಯಾಕ್ಟೈಲಾನ್ ಅನ್ನುವವರೂ ಇದ್ದಾರೆ, ಡ್ಯಾಕ್ಟಿಲಾನ್ ಅನ್ನುವವರೂ ಇದ್ದಾರೆ. ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ. ಲೇಬಲ್ಲಿನಲ್ಲಿ ಮಾತ್ರ ರೋಮನ್ ಲಿಪಿ ಇರಲೇಬೇಕು.

ಕುಲ ಗೊತ್ತಾಗಿ ಪ್ರಭೇದ ಗೊತ್ತಾಗದಿದ್ದರೆ ಕುಲದ ಹೆಸರಾದ ಮೇಲೆ 'ಎಸ್‌ಪಿ.' ಅಂತ ಬರೆದು ನಿಲ್ಲಿಸಿ. ಅದು ಒಂದೇ ಪ್ರಭೇದ ಅಂತ ಸೂಚನೆ. ಹಲವು ಪ್ರಭೇದಗಳಾದರೆ 'ಎಸ್‌ಪಿಪಿ.'. ಈ ಎರಡನ್ನೂ ವಾಲಿಸಬಾರದು. ಅನುಮಾನ ಇದ್ದರೆ ಎರಡು ಪದಗಳ ನಡುವೆ 'ಸಿಎಫ್.' ಹಾಕಿ, ಇದರ ಜೊತೆ ಹೋಲಿಸಿ ನೋಡಿ ಅಂತ ಅರ್ಥ. ಇದರಲ್ಲಿ ಅವಮಾನ ಏನೂ ಇಲ್ಲ, ತಿಳಿದವರೇ ಜಾಸ್ತಿ ಬಳಸುತ್ತಾರೆ.

ಲೇಬಲ್ಲಿನಲ್ಲಿ ಇಷ್ಟಿರಲಿ: ಹೆಸರು ಮತ್ತು ಹೆಸರಿಟ್ಟವರ ಗುರುತು, ಕುಟುಂಬ, ಜಾಗ, ಎತ್ತರ, ಮಣ್ಣು ಅಥವಾ ನೆರಳಿನ ವಿವರ, ಗಿಡದ ಉದ್ದ, ಹಸಿಯಾಗಿದ್ದಾಗಿನ ಬಣ್ಣ, ತಾರೀಕು, ತೆಗೆದವರು, ಗುರುತಿಸಿದವರು. ತೆನೆಯ ನೇರಳೆ ಬಣ್ಣ ಒಣಗಿದ ಮೇಲೆ ಉಳಿಯುವುದಿಲ್ಲ, ಅವತ್ತೇ ಬರೆಯಿರಿ. ಪೆನ್ಸಿಲ್ಲಿನಲ್ಲಿ ಬರೆಯಿರಿ. ಇಂಕ್ ಪೆನ್ನಿನಲ್ಲಿ ಬರೆದ ನನ್ನ ಮೊದಲ ಹನ್ನೆರಡು ಲೇಬಲ್ಲುಗಳು ಒಂದೇ ಮಳೆಗೆ ನೀಲಿ ಕಲೆಯಾದವು. ಉದುರಿದ ಕಿರುತೆನೆಗಳನ್ನು ಬಿಸಾಡಬೇಡಿ. ಪುಟ್ಟ ಕಾಗದದ ಲಕೋಟೆಯಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸಿ. ನಾಳೆ ಯಾರಾದರೂ ನಿಮ್ಮ ಹೆಸರು ತಪ್ಪು ಅಂದರೆ ಮೊದಲು ತೆರೆಯುವುದು ಆ ಲಕೋಟೆಯನ್ನೇ.